ಹೊಟ್ಟೆಕಿಚ್ಚಿನವರಿಗೆ ಎರಡನೇ ಫೋನು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಆಕೆ ಮೊಬೈಲಿನಲ್ಲಿ ವಿಡಿಯೊ ನೋಡುತ್ತಿದ್ದಾರೆ. ಕಿವಿಗೆ ಇಯರ್‌ಫೋನು, ಹುಬ್ಬು ಗಂಟು. ಒಲೆಯ ಮೇಲಿನ ಹಾಲು ಅಂಚಿಗೆ ಬಂದದ್ದು ಕಾಣುತ್ತಿಲ್ಲ. ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತ ಆಕೆಯ ಅಕ್ಕ ಗಟ್ಟಿಯಾಗಿ ಕೂಗುತ್ತಾರೆ: “ಏ, ಹಾಲು! ನೀನು ಉರಿಯೋದು ಸಾಕು, ಒಲೆ ಆರಿಸು.”

ವಿಡಿಯೊದಲ್ಲಿ ಮಾತನಾಡುತ್ತಿರುವವರು ಆಕೆಯ ಹಳೆಯ ಸಹೋದ್ಯೋಗಿ. ಪತ್ರಿಕಾ ಕಚೇರಿಯಲ್ಲಿ ಆಕೆಯ ಪಕ್ಕದಲ್ಲೇ ಕೂತು ವಿಜ್ಞಾನ ವರದಿ ಬರೆಯಲು ಕಲಿತವರು. ಈಗ ಸ್ವಂತ ಚಾನೆಲ್ ಇದೆ, ಲಕ್ಷಗಟ್ಟಲೆ ಜನ ನೋಡುತ್ತಾರೆ. ಆಕೆ ಅದೇ ಪತ್ರಿಕೆಯ ವಿಜ್ಞಾನ ಪುಟದಲ್ಲೇ ಉಳಿದಿದ್ದಾರೆ. “ಹೊಟ್ಟೆ ಉರಿಯುತ್ತೆ, ಸುಳ್ಳು ಯಾಕೆ ಹೇಳ್ಲಿ?” ಎನ್ನುತ್ತಾರೆ, ಪಾತ್ರೆ ಇಳಿಸುತ್ತಾ. “ನಿಧಾನಕ್ಕೆ ಶುರು ಮಾಡಿ ಆಮೇಲೆ ಗಂಟು ಬಿಚ್ಚೋದು ನನ್ನ ರೀತಿ. ಈಗ ಎಲ್ರೂ ಅದು ಅವನ ಶೈಲಿ ಅಂತಾರೆ.”

ಒಂದು ಕಾಲಕ್ಕೆ ವಿಜ್ಞಾನಕ್ಕೆ ಎರಡು ಪುಟ, ನಾಲ್ಕು ಜನ. ಒಬ್ಬರು ನಿವೃತ್ತರಾದರು, ಒಬ್ಬರು ಔಷಧ ಕಂಪನಿಯ ಪ್ರಚಾರ ವಿಭಾಗ ಸೇರಿದರು, ಇನ್ನೊಬ್ಬರು ಈ ವಿಡಿಯೊದವರು. ಉಳಿದದ್ದು ಅರ್ಧ ಪುಟ ಮತ್ತು ಈಕೆ. ಮಿಕ್ಕರ್ಧ ಪುಟದಲ್ಲಿ ಹಾಸಿಗೆಯ ಜಾಹೀರಾತು. “ವಿಜ್ಞಾನ ಓದಿ ನಿದ್ದೆ ಬಂದ್ರೆ ಅಲ್ಲೇ ಮಲಗಬಹುದು,” ಎಂದು ಕಚೇರಿಯಲ್ಲಿ ತಮಾಷೆ.

ಕಚೇರಿ ಆಕೆಗೆ ಇಟ್ಟ ಅಡ್ಡಹೆಸರು ‘ಎರಡನೇ ಫೋನಮ್ಮ’. ಯಾವ ಸಂಶೋಧನೆಯಾದರೂ ಸರಿ, ಮೊದಲ ಫೋನು ಅದನ್ನು ಮಾಡಿದವರಿಗೆ. ಎರಡನೆಯದು ಅದೇ ವಿಷಯದಲ್ಲಿ ಅವರಿಗೆ ಎದುರಾಳಿಯಾದವರಿಗೆ. ಎರಡೂ ಆಗದೆ ಒಂದು ಸಾಲೂ ಅಚ್ಚಿಗೆ ಹೋಗುವುದಿಲ್ಲ. “ಮೆಚ್ಚೋರು ತಲೆಬರಹ ಓದಿ ಭೇಷ್ ಅಂತಾರೆ. ಹೊಟ್ಟೆಕಿಚ್ಚಿನೋರು ಕೊನೇ ಸಾಲಿನವರೆಗೂ ಓದ್ತಾರೆ. ತೂತು ಎಲ್ಲಿದೆ ಅಂತ ಅವರಿಗೇ ಗೊತ್ತು.” ವಿಜ್ಞಾನಿಗಳು ಪ್ರಯೋಗಾಲಯದ ಒಳಗೆ ಹೋದರೆ ಸಿಗುವುದಿಲ್ಲವೆಂದು ಅವರ ಬೆಳಗಿನ ನಡಿಗೆಯ ಹೊತ್ತಿಗೇ ಕರೆ ಮಾಡುತ್ತಾರೆ. ಪುರವಣಿಗೆ ಬರೆಯುವ, ಈಗ ಈಕೆಯ ಬಗ್ಗೆಯೇ ಬರೆಯಲು ಜೊತೆಗಿರುವ ನನ್ನ ಕರೆಯನ್ನು ವಾರಗಟ್ಟಲೆ ಎತ್ತದವರು ಈಕೆಯ ಕರೆಯನ್ನು ಏದುಸಿರು ಬಿಡುತ್ತಲೇ ಎತ್ತುತ್ತಾರೆ. ಪಕ್ಕದಲ್ಲಿ ನಿಂತು ಅದನ್ನು ನೋಡುವುದು ನನಗೆ ಅಷ್ಟೇನೂ ಹಿತವಲ್ಲ.

ಈ ವಾರ ಆ ಅರ್ಧ ಪುಟಕ್ಕೂ ಕುತ್ತು ಬಂದಿದೆ. ಸಂಶೋಧನಾ ಸಂಸ್ಥೆಗಳ ಪ್ರಕಟಣೆಗಳನ್ನು ಕಂಪ್ಯೂಟರೇ ವರದಿ ಮಾಡಿಕೊಡುತ್ತದೆ, ಉಳಿದದ್ದನ್ನು ಜನ ವಿಡಿಯೊದಲ್ಲಿ ನೋಡುತ್ತಾರೆ. ಹಾಗಿದ್ದ ಮೇಲೆ ಈ ಪುಟ ಏಕೆ ಎಂಬುದು ಸಂಪಾದಕರ ಪ್ರಶ್ನೆ. ಅವರು ಕೊಟ್ಟಿರುವುದು ಒಂದೇ ಅವಕಾಶ: ಪುಟದಿಂದ ಏನು ಪ್ರಯೋಜನ ಎಂದು ಈ ಸಂಚಿಕೆಯಲ್ಲಿ ತೋರಿಸಬೇಕು.

ಆಕೆ ಹಿಡಿದದ್ದು ಹಳೆಯ ಸಹೋದ್ಯೋಗಿಯ ಹೊಸ ವಿಡಿಯೊವನ್ನೇ. ಸವೆದ ಮಂಡಿಗೆ ಚುಚ್ಚುಮದ್ದಾಗಿ ಕೊಡುವ ಒಂದು ಜೆಲ್ ನೋವನ್ನು ನಿಜಕ್ಕೂ ತಗ್ಗಿಸುತ್ತದೆ ಎಂದು ಅದರಲ್ಲಿ ಹೇಳಲಾಗಿದೆ. ಅದು ಕುರಿಗಳ ಮೇಲಷ್ಟೇ ಆದ ಪ್ರಯೋಗ ಎಂಬ ನೆನಪಿನಲ್ಲಿ ಆಕೆ ಖಂಡನೆ ಬರೆದು ಮುಗಿಸಿದ್ದಾರೆ. ಒಂದೂ ಫೋನು ಮಾಡದೆ ಬರೆದದ್ದು ಇದೇ ಮೊದಲು. “ಅವನನ್ನ ಕೆಡವೋ ಅವಸರ ನನಗೆ,” ಎಂದು ಒಪ್ಪಿಕೊಳ್ಳುತ್ತಾರೆ.

ಈಗ ನೇರವಾಗಿ ಎರಡನೇ ಫೋನು. ಅತ್ತ ಕಡೆ ಇರುವವರು ಅಂಥದೇ ಇನ್ನೊಂದು ಜೆಲ್ ತಯಾರಿಸುತ್ತಿರುವ ವಿಜ್ಞಾನಿ. ಆಕೆ ಸ್ಪೀಕರ್ ಹಾಕುತ್ತಾರೆ.

“ಕುರಿ ಮುಗಿದು ಮನುಷ್ಯರ ಮೇಲೂ ಆಗಿದೆ ಕಣ್ರೀ, ಹೋದ ತಿಂಗಳು ಫಲಿತಾಂಶ ಬಂತು. ನಾನೂ ತಪ್ಪು ಹುಡುಕಿದೆ, ನನ್ನ ಹುಡುಗರ ಕೈಲೂ ಹುಡುಕಿಸಿದೆ. ಸಿಗ್ಲಿಲ್ಲ.”

“ಒಂದೂ ಇಲ್ವಾ ಮೇಡಂ? ಸರಿಯಾಗಿ ನೋಡಿದ್ರಾ?”

“ಇದ್ದಿದ್ರೆ ನಾನೇ ನಿಮಗೆ ಫೋನ್ ಮಾಡ್ತಿದ್ದೆ!”

ಹೊಲಿಗೆ ಯಂತ್ರದ ಸದ್ದು ನಿಂತಿದೆ. ಮಂಡಿ ಹಿಡಿದುಕೊಂಡು ಅಕ್ಕ ಬಾಗಿಲಿಗೆ ಬಂದಿದ್ದಾರೆ. “ಅಂದ್ರೆ ಆ ಹುಡುಗ ಹೇಳಿದ್ದು ನಿಜಾನಾ? ಅವನ ಮಾತಿಗೆ ನೀನು ಮೂಗು ಮುರೀತಿದ್ದೆ ಅಂತ ನಾನು ಡಾಕ್ಟರ್ ಹತ್ರ ಕೇಳೋಕೂ ಹೋಗ್ಲಿಲ್ವಲ್ಲೇ.”

ಆಕೆ ಫೋನು ಇಡುತ್ತಾರೆ. “ನಿಜ ಕಣಕ್ಕ. ಹೋಗಿ ಕೇಳು,” ಎನ್ನುತ್ತಾರೆ. ಖಂಡನೆಯನ್ನು ಅಳಿಸಿ, ಬಿಟ್ಟುಹೋಗಿದ್ದ ಮೊದಲ ಫೋನನ್ನೂ ಮಾಡಿ, ಕಟ್ಟೆಯ ಮೇಲೆಯೇ ಲ್ಯಾಪ್‌ಟಾಪ್ ಇಟ್ಟುಕೊಂಡು ಹೊಸದಾಗಿ ಬರೆಯುತ್ತಾರೆ. ವಿಡಿಯೊದಲ್ಲಿ ಹೇಳಿದ್ದು ಸರಿ, ಎದುರಾಳಿಯೂ ಒಪ್ಪಿದ್ದಾರೆ. ಹಳೆಯ ಸಹೋದ್ಯೋಗಿಯ ಹೆಸರು ಟೈಪ್ ಮಾಡುವಾಗ ಮುಖದಲ್ಲಿ ಕಷಾಯ ಕುಡಿದ ಕಹಿ.

ಕಚೇರಿಯಲ್ಲಿ ಸಂಪಾದಕರು ವರದಿ ಓದಿ ಕನ್ನಡಕ ತೆಗೆಯುತ್ತಾರೆ. “ಅವರು ಹೇಳಿದ್ದನ್ನೇ ನೀವೂ ಹೇಳಿದ್ದೀರಲ್ಲ. ಮತ್ತೆ ನಿಮ್ಮ ಪುಟ ಯಾಕೆ?”

“ಅವರು ಹೇಳಿದ್ದು ಸರಿ ಅಂತ ಗೊತ್ತಾಗಿದ್ದು ಹೇಗೆ, ಸಾರ್?”

ಸಂಪಾದಕರು ಕನ್ನಡಕವನ್ನು ಮತ್ತೆ ಹಾಕಿಕೊಳ್ಳುತ್ತಾರೆ. ಈ ವಾರದ ಪುಟಕ್ಕೆ ಸಹಿ ಬೀಳುತ್ತದೆ. ಮುಂದಿನ ವಾರದ ಮಾತನ್ನು ಅವರು ಎತ್ತುವುದಿಲ್ಲ, ಆಕೆಯೂ ಕೇಳುವುದಿಲ್ಲ.

ಮೆಟ್ಟಿಲು ಇಳಿಯುವಾಗ ನಾನು ಕೇಳುತ್ತೇನೆ: ನಿಮಗೆ ಏನು ಆಗಬೇಕು? ಪುಟ ಉಳಿಯಬೇಕು ಎನ್ನುತ್ತಾರೆಂದು ನಾನು ಎಣಿಸಿದ್ದೆ.

“ಕ್ರೀಡಾ ವಿಭಾಗಕ್ಕೆ ನೂಕುನುಗ್ಗಲು, ರಾಜಕೀಯಕ್ಕೆ ಹೊಡೆದಾಟ. ನಾನು ರಜೆ ಹಾಕಿದ್ರೂ ನನ್ನ ಕುರ್ಚೀಲಿ ಯಾರೂ ಕೂರಲ್ಲ, ಬ್ಯಾಗ್ ಇಟ್ಟು ಹೋಗ್ತಾರೆ. ಯಾವಳಾದ್ರೂ ಒಬ್ಬಳು ಬಂದು, ‘ಈ ಮುದುಕಿ ಯಾವಾಗ ಏಳ್ತಾಳಪ್ಪಾ’ ಅಂತ ಆ ಕುರ್ಚಿ ಮೇಲೆ ಕಣ್ಣು ಹಾಕ್ಲಿ. ಅವತ್ತು ನೆಮ್ಮದಿಯಾಗಿ ಎದ್ದು ಹೋಗ್ತೀನಿ.”