ಬಾಯಿಲ್ಲದ ಪತಂಗ

ಬಳಚು ಬೇಯುವ ವಾಸನೆ ಬಂದರೆ ಸಾಕು, ಬ್ರಹ್ಮಾವರದ ಆಚೆ ಅಳಿವೆಯ ಬದಿಯಲ್ಲಿದ್ದ ನಮ್ಮ ಮನೆಯ ಅಡುಗೆಕೋಣೆ ಕಣ್ಣೆದುರು ಬಂದು ನಿಲ್ಲುತ್ತದೆ. ನೀರು ಇಳಿದ ಹೊತ್ತಿಗೆ ಅಜ್ಜಿ ಸೊಂಟದವರೆಗಿನ ಉಪ್ಪುನೀರಲ್ಲಿ ನಿಂತು, ಕೆಸರೊಳಗಿನ ಆ ಕಪ್ಪೆಚಿಪ್ಪುಗಳನ್ನು ಕಾಲಿನಿಂದಲೇ ತಡಕಿ ಹೆಕ್ಕುತ್ತಿದ್ದರು. ಪಾತ್ರೆ ಒಲೆಗೇರಿ ಬಿಸಿ ತಾಗಿದಾಗ ಅವು ಒಂದೊಂದಾಗಿ ಬಾಯಿ ಬಿಡುತ್ತಿದ್ದವು.

ಅಮ್ಮ ತೀರಿಕೊಂಡದ್ದು ಆ ಮನೆಯಲ್ಲೇ. ನನಗಾಗ ಎಂಟು ವರ್ಷ. ಅಕ್ಕ ಪಿಯುಸಿಗೆ ಹೋಗುತ್ತಿದ್ದಳು. ಗಂಟಲಲ್ಲಿ ಗಡ್ಡೆ ಎದ್ದು ಅಮ್ಮನಿಗೆ ಗಂಜಿಯ ತಿಳಿಯೂ ಇಳಿಯುತ್ತಿರಲಿಲ್ಲ. ಕಡೆಕಡೆಗೆ ಚಮಚ ಕಂಡರೆ ತುಟಿ ಬಿಗಿಹಿಡಿಯುತ್ತಿದ್ದಳು. ಹಟವೆಂದು ತಿಳಿದ ಅಜ್ಜಿ ಒಂದು ದಿನ ಗದರಿ, ಕೆನ್ನೆ ಒತ್ತಿ ಬಾಯಿ ಬಿಡಿಸಿದ್ದರು. ಮಾರನೇ ದಿನ ಅಮ್ಮ ಇರಲಿಲ್ಲ.

ಉತ್ತರಕ್ರಿಯೆ ಮುಗಿದ ವಾರ, ಬೆಳಿಗ್ಗೆ ನೋಡಿದರೆ ಅಮ್ಮ ಮಲಗುತ್ತಿದ್ದ ಕೋಣೆಯ ಗೋಡೆಯ ಮೇಲೆ ನನ್ನ ಎರಡು ಅಂಗೈಯಷ್ಟು ದೊಡ್ಡ ಕಂದು ಪತಂಗವೊಂದು ಕೂತಿತ್ತು. ರೆಕ್ಕೆಗಳಲ್ಲಿ ಗಾಜಿನ ಕಿಟಕಿಯಂಥ ಕಲೆಗಳು. ಅವುಗಳ ಮೂಲಕ ಗೋಡೆಯ ಸುಣ್ಣ ಕಾಣುತ್ತಿತ್ತು. ಮಗಳೇ ಬಂದದ್ದೆಂದು ಅಜ್ಜಿ ಯಾರನ್ನೂ ಕೇಳದೆ ನಂಬಿದರು. ತಿಳಿಗಂಜಿ ಇಟ್ಟರು, ಬೆಲ್ಲದ ನೀರಿಟ್ಟರು, ಬಾಳೆಹಣ್ಣು ಸುಲಿದಿಟ್ಟರು. ಅದು ಯಾವುದನ್ನೂ ಮುಟ್ಟಲಿಲ್ಲ. ಐದನೇ ದಿನ ನೆಲಕ್ಕೆ ಬಿದ್ದಿತ್ತು. ಅಂದಿನಿಂದ ಅಜ್ಜಿಯೂ ಊಟದ ತಟ್ಟೆಯ ಮುಂದೆ ಕೂತು, ಉಣ್ಣದೆ ಏಳತೊಡಗಿದರು.

ಅಕ್ಕ ಆ ಪತಂಗದ ಬಗ್ಗೆ ಕಾಲೇಜಿನ ಮೇಡಂ ಹತ್ತಿರ ಕೇಳಿಕೊಂಡು ಬಂದಳು. ಅಜ್ಜಿಯ ಪಕ್ಕ ಕೂತು, ಬುಟ್ಟಿಯಿಂದ ಒಂದು ಬಳಚು ಎತ್ತಿ ತೋರಿಸಿ ನಿಧಾನಕ್ಕೆ ವಿವರಿಸಿದಳು. ಇದು ನೀರಲ್ಲಿರುವಷ್ಟು ಹೊತ್ತೂ ನೀರನ್ನು ಒಳಗೆಳೆದು, ಸೋಸಿ ತಿನ್ನುತ್ತಲೇ ಇರುತ್ತದೆ. ಆ ಜಾತಿಯ ಪತಂಗ ಹಾಗಲ್ಲ. ಕಂಬಳಿಹುಳವಾಗಿದ್ದಾಗ ತಿಂದದ್ದರಲ್ಲೇ ಉಳಿದ ನಾಲ್ಕು ದಿನ ಕಳೆಯುತ್ತದೆ.

"ಅದ್ಕ್ ಬಾಯೇ ಇಲ್ಲ ಅಜ್ಜಿ. ನೀ ಉಪಾಸ ಹಾಕಿದ್ದಲ್ಲ" ಅಂದಳು.

ಅಜ್ಜಿ ಆ ಚಿಪ್ಪನ್ನು ಕೈಗೆ ತೆಗೆದುಕೊಂಡರು. "ಹಂಗಾರೆ ಅದ್ಕ್ ಹಸಿವಾಯ್ಲಿಲ್ಯಾ, ಮಗಾ?"

"ಇಲ್ಲ ಅಜ್ಜಿ."

ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿ ಅತ್ತರು. ಆಮೇಲೆ ಎದ್ದು, ತಟ್ಟೆ ಇಟ್ಟುಕೊಂಡು, ಎರಡು ತುತ್ತು ಉಂಡರು.

ಆ ಮನೆ ಈಗಿಲ್ಲ. ಅಜ್ಜಿ ಹೋಗಿಯೂ ಎಷ್ಟೋ ವರ್ಷಗಳಾದವು. ಅವರು ಉಣ್ಣುವುದನ್ನು ನೋಡುತ್ತ ಅಂದು ನಾನು ಬಾಗಿಲ ಬಳಿ ನಿಂತಿದ್ದೆ. ಅಮ್ಮನ ಕೊನೆಯ ಮಧ್ಯಾಹ್ನ, ಕೋಣೆಯಲ್ಲಿ ನಾನೊಬ್ಬಳೇ ಇದ್ದಾಗ, ಅವಳು ನನ್ನನ್ನು ಹತ್ತಿರ ಕರೆದು, ಉಸಿರಿನಷ್ಟೇ ದನಿಯಲ್ಲಿ "ಹಸಿವಾತ್ತ್" ಅಂದಿದ್ದಳು. ಅದನ್ನು ನಾನು ಅಜ್ಜಿಗೆ ಹೇಳಲಿಲ್ಲ. ಅಕ್ಕನಿಗೆ ಇನ್ನೂ ಹೇಳಿಲ್ಲ.