ಮಗನ ಕೈಯ ಪ್ರಸಾದ

ಕೊರೊನಾ ಲಾಕ್‌ಡೌನ್ ಮುಗಿದ ಮರುವರ್ಷ ನನ್ನನ್ನು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ಊರುಗಳ ಪುಟ್ಟ ಚರ್ಚುಗಳಿಗೆ ಒಬ್ಬಳೇ ಸಭಾಪಾಲಕಿಯಾಗಿ ಹಾಕಿದರು. ಭೂಪಟ ನೋಡಿದವರು ಯಾರೂ ಜಗಳೂರನ್ನು ತಂದು ಹೊನ್ನಾಳಿಯ ಜೊತೆ ಗಂಟು ಹಾಕುವುದಿಲ್ಲ. ನಡುವೆ ಇಡೀ ದಾವಣಗೆರೆ ಅಡ್ಡ ಮಲಗಿದೆ. ಆದರೆ ನಿವೃತ್ತಿಯ ಅಂಚಿನಲ್ಲಿರುವ ಹೆಂಗಸಿನ ಮಾತು ಯಾರು ಕೇಳುತ್ತಾರೆ? ವಾರಕ್ಕೊಂದು ಊರು, ಕೈಯಲ್ಲೊಂದು ಬ್ಯಾಗು, ಅದರಲ್ಲಿ ಬಿಳಿ ನಿಲುವಂಗಿ. ಜಗಳೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ "ಅಯ್ಯನೋರು ಬರಲಿಲ್ವಾ?" ಎಂದು ಕೇಳುತ್ತಿದ್ದರು. "ನಾನೇ ಕಣ್ರೀ ಅಯ್ಯನೋರು" ಎಂದು ಹೇಳಿ ಹೇಳಿ ಸಾಕಾಗಿ, ಕೊನೆಗೆ ಅವರೇ ನನಗೆ 'ಅಯ್ಯನೋರಮ್ಮ' ಎಂದು ಹೆಸರಿಟ್ಟರು.

ನಮ್ಮದು ಆಂಗ್ಲಿಕನ್ ಪರಂಪರೆಯ ಚರ್ಚು. ಬಿಷಪ್ಪರು, ಅವರ ಕೆಳಗೆ ನನ್ನಂಥ ಪ್ರೆಸ್ಬಿಟರ್, ಅದರ ಕೆಳಗಿನ ಮೆಟ್ಟಿಲು ಡೀಕನ್. ಡೀಕನ್ ಆದವನು ಕೆಲಕಾಲ ಹಿರಿಯರ ಕೈಕೆಳಗೆ ಪಳಗಬೇಕು. ಆಮೇಲೆ ಬಿಷಪ್ಪರು ತಲೆಯ ಮೇಲೆ ಕೈಯಿಟ್ಟು ಅಭಿಷೇಕ ಮಾಡಿದರೆ ಅವನೂ ಪೂರ್ತಿ ಅಯ್ಯನವರು. ಹಾಗೆ ನನ್ನ ಕೈಕೆಳಗೆ ಬಂದವನು ದಯಾಕರ. ಅಪ್ಪ ಯೋಹಾನಪ್ಪ ಜಗಳೂರಿನಲ್ಲಿ ಬಸ್ ಡ್ರೈವರ್ ಆಗಿದ್ದವರು, ತೀರಿಕೊಂಡಿದ್ದರು. ಅವ್ವ ಓಬಮ್ಮ ಬಿಳಿಚೋಡಿನ ಕುರಿ ಸಾಕುವ ಮನೆಯವಳು. ಗಂಡ ಚರ್ಚಿಗೆ, ಹೆಂಡತಿ ಮನೆದೇವರಿಗೆ. ಬಾಳಿದಷ್ಟು ಕಾಲ ಒಬ್ಬರನ್ನೊಬ್ಬರು ಎಳೆದವರಲ್ಲ. ಭಾನುವಾರ ಗಂಡ ಮಗ ಒಳಗಿದ್ದರೆ ಆಕೆ ಹೊರಗೆ ಬೇವಿನ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿರುತ್ತಿದ್ದಳಂತೆ.

ದಯಾಕರನ ಅಭಿಷೇಕಕ್ಕೆ ಒಂದು ವಾರ ಉಳಿದಿತ್ತು. ಜಗಳೂರಿನಲ್ಲಿ ಅವತ್ತು ಕರ್ತನ ಭೋಜನ, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಆರಾಧನೆ. ನಾನು ಪ್ರಾರ್ಥಿಸಿ ಮುರಿದ ರೊಟ್ಟಿಯ ತಟ್ಟೆಯನ್ನು ಅವನ ಕೈಗೆ ಕೊಟ್ಟು, ದ್ರಾಕ್ಷಾರಸದ ಬಟ್ಟಲನ್ನು ನಾನು ಹಿಡಿದೆ. ಮಂದಿ ಸಾಲಾಗಿ ಬಂದು ಮೊಣಕಾಲೂರಿದರು. ಸಾಲಿನ ಕೊನೆಯಲ್ಲಿ ನೋಡುತ್ತೇನೆ, ಓಬಮ್ಮ! ತಲೆಗೆ ನೀರು ಹಾಕಿಕೊಂಡು, ಒಪ್ಪತ್ತಿದ್ದು, ನಲ್ಲಿಯಲ್ಲಿ ಕಾಲು ತೊಳೆದು ಬಂದಿದ್ದಳು. ತಲೆಯ ಮೇಲೆ ಸೆರಗು. ತೀರ್ಥ ಹಿಡಿಯುವ ಹಾಗೆ ಎಡಗೈ ಮೇಲೆ ಬಲಗೈ. ಊರಲ್ಲೆಲ್ಲ "ನನ್ ಮಗ ಪೂಜಾರಿ ಆಗ್ತಾನೆ" ಎಂದು ಹೇಳಿಕೊಂಡು ತಿರುಗಿದವಳು, ಮಗನ ಕೈಯ ಪ್ರಸಾದ ತಗೊಳ್ಳದೆ ಇರುತ್ತಾಳೆಯೇ?

ನಮ್ಮ ನಿಯಮ ಹೇಳಿಬಿಡುತ್ತೇನೆ. ದೀಕ್ಷಾಸ್ನಾನವಾಗಿ ಕ್ರೈಸ್ತರಾಗದವರಿಗೆ ಆ ರೊಟ್ಟಿ ಕೊಡುವಂತಿಲ್ಲ. ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿ ಕಳಿಸಬೇಕು. ಈ ಪಾಠವನ್ನು ಅವನಿಗೆ ಹೇಳಿಕೊಟ್ಟವಳೂ ನಾನೇ.

ದಯಾಕರ ರೊಟ್ಟಿಯ ಚೂರು ಕೈಗೆತ್ತಿಕೊಂಡ. ನನ್ನ ಕಡೆ ತಿರುಗಿ ನೋಡಿದ. ನಾನು ತಲೆ ಅಲ್ಲಾಡಿಸಿದೆ. ನಮ್ಮ ಮಂದಿ ತಲೆ ಅಲ್ಲಾಡಿಸುವುದು ಗೊತ್ತಲ್ಲ, ಹೂಂ ಅಂದರೂ ಅದೇ, ಊಹೂಂ ಅಂದರೂ ಅದೇ. ಕೊಡು ಎಂದೆನೋ, ಬೇಡ ಎಂದೆನೋ, ದೇವರಾಣೆಗೂ ನನಗೇ ಗೊತ್ತಿಲ್ಲ.

"ಕೊಡಪ್ಪಾ, ಎಷ್ಟೊತ್ತು ಕೈ ಚಾಚ್ಕಂಡು ಕುಂದ್ರಲಿ?" ಎಂದಳು ಓಬಮ್ಮ.

ಅವನು ಚೂರನ್ನು ತಟ್ಟೆಗೆ ಹಾಕಿ, ಅವ್ವನ ತಲೆಯ ಮೇಲೆ ಕೈಯಿಟ್ಟ. ಆಕೆ ದಿಗ್ಗನೆ ತಲೆ ಎತ್ತಿದಳು. "ಇದೇನ್ಲಾ! ಹೆತ್ತವಳು ಮಗನ ತಲೆ ಮ್ಯಾಲೆ ಕೈ ಇಡ್ತಾಳೋ, ಮಗ ಹೆತ್ತವಳ ತಲೆ ಮ್ಯಾಲೆ ಇಡ್ತಾನೋ?" ಎಂದವಳೇ ಬರಿಗೈಯಲ್ಲಿ ಎದ್ದು ಹೊರಗೆ ಹೋದಳು. ಹಾಡು ಶುರು ಮಾಡಬೇಕಿದ್ದವರು ಬಾಯಿ ತೆರೆದೇ ನಿಂತಿದ್ದರು.

ಆರಾಧನೆ ಮುಗಿದ ಮೇಲೆ ದಯಾಕರ ನಿಲುವಂಗಿ ಬಿಚ್ಚಿ ನನ್ನ ಮುಂದಿಟ್ಟ. "ನಾನು ಅಭಿಷೇಕಕ್ಕೆ ಬರಾದಿಲ್ಲ, ಅಮ್ಮನೋರೇ. ಅವ್ವನ್ನ ಹೊರಗಿಟ್ಟು ನಾನೆಂಗೆ ಒಳಗೆ ನಿಲ್ಲಲಿ? ಇದು ದೇವರ ಕರೆನೋ, ನನ್ನ ಭ್ರಮೆನೋ, ಒಂದೂ ತಿಳೀವಲ್ದು." ಉತ್ತರ ಕೊಡಬೇಕಾದವಳು ನಾನು. ಅವನ ನಿಲುವಂಗಿಯನ್ನು ಮಡಿಸುತ್ತಾ ಕೂತೆ. ನನಗೂ ಒಳಗೊಳಗೇ ಅದೇ ಪ್ರಶ್ನೆ ಕೊರೆಯುತ್ತಿತ್ತು. ನಿಯಮ ತಪ್ಪು ಅನ್ನಲಾರೆ, ಅದರ ಮೇಲೇ ಬದುಕಿದವಳು. ಸರಿ ಅನ್ನೋಣ ಎಂದರೆ ಆ ಬರಿಗೈ ಕಣ್ಣ ಮುಂದೆ ಬರುತ್ತಿತ್ತು.

ಎರಡು ದಿನ ಬಿಟ್ಟು ಬಿಳಿಚೋಡಿನ ಬಸ್ ಹತ್ತಿದೆ. ಗಂಡ ತೀರಿದ ಮೇಲೆ ತವರು ಸೇರಿದ್ದ ಓಬಮ್ಮ ಹಟ್ಟಿಯಲ್ಲಿ ಕುರಿಮರಿಗೆ ಸೊಪ್ಪು ಕಟ್ಟುತ್ತಿದ್ದಳು. ಕೂರಲು ಮಂಕ್ರಿ ಬುಟ್ಟಿ ಬೋರಲು ಹಾಕಿಕೊಟ್ಟಳು. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೆ ಎಷ್ಟೋ ವಾಸಿಯಿತ್ತು. ಸಣ್ಣ ದನಿಯಲ್ಲಿ ಕೇಳಿದಳು: "ನನ್ ಕೈ ಮೈಲಿಗೆ ಆಗಿತ್ತೇನ್ರೀ, ಅಯ್ಯನೋರಮ್ಮ? ಕುರಿ ವಾಸ್ನೆ ಬರ್ತಿತ್ತಾ? ಸೋಪ್ ಹಾಕಿ ತಿಕ್ಕಿದ್ದೆ."

ಅಲ್ಲ ತಾಯಿ, ಮೈಲಿಗೆ ಅನ್ನುವ ಮಾತೇ ನಮ್ಮಲ್ಲಿಲ್ಲ, ಅದು ದೀಕ್ಷಾಸ್ನಾನ ಆದವರಿಗೆ ಮಾತ್ರ ಎಂದು ಬಿಡಿಸಿ ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ಮಾತು ನನಗೇ ಮೈಲಿಗೆಯ ಹಾಗೆ ಕೇಳಿಸತೊಡಗಿತು. "ದೀಕ್ಷಾಸ್ನಾನ ನೀವೂ ತಗೋಬಹುದಲ್ಲ" ಎಂದೆ, ಅರ್ಧ ಮನಸ್ಸಿನಿಂದ.

"ಅದೊಂದು ಬ್ಯಾಡ. ನನ್ ಗಂಡನೇ ಒಂದಿನ ಕೇಳಲಿಲ್ಲ, ನೀವು ಕೇಳಬ್ಯಾಡ್ರಿ. ಮನೆದೇವ್ರನ್ನ ಬಿಡಾಕೆ ಆಗಾಕಿಲ್ಲ. ಹಂಗಂತ ಮಗನ ದೇವ್ರು ನನಗೆ ಬ್ಯಾರೆಯವ್ನಾ?"

ಒಳಗೆ ಹೋಗಿ ದೇವರ ಮುಂದಿದ್ದ ಕೊಬ್ಬರಿ ಸಕ್ಕರೆ ತಂದು ಚಾಚಿದಳು. "ತಗೊಳ್ರಿ. ಇಲ್ಲಿ ಯಾರನ್ನೂ ಏನೂ ಕೇಳಾದಿಲ್ಲ." ವಿಗ್ರಹಕ್ಕೆ ಇಟ್ಟದ್ದನ್ನು ತಿನ್ನಬಹುದೋ ಬಾರದೋ ಎಂದು ದೈವಶಾಸ್ತ್ರ ಓದಿದ ಸೆಮಿನರಿಯಲ್ಲಿ ಜಗಳ ಬೀಳುವಷ್ಟು ವಾದ ಮಾಡಿದವರು ನಾವು. ಆ ವಾದದಲ್ಲಿ ನಾನು ಯಾವ ಕಡೆ ಇದ್ದೆ ಎನ್ನುವುದೇ ಮರೆತುಹೋಯಿತು. ಎಡಗೈ ಮೇಲೆ ಬಲಗೈ ಇಟ್ಟು ಇಸಿದುಕೊಂಡೆ, ತಿಂದೆ.

ಮಗ ಅಭಿಷೇಕ ಬೇಡ ಅನ್ನುತ್ತಿದ್ದಾನೆ ಎಂದಾಗ ಓಬಮ್ಮನಿಗೆ ಸಿಟ್ಟು ಬಂತು. "ಅವರಪ್ಪನ ಆಸೆ ಅದು! ನಡು ದಾರ್ಯಾಗ ಬಸ್ ನಿಲ್ಲಿಸಿ ಇಳಿದು ಹೋಗ್ತಾನಂತಾ? ನಾನೂ ಬರ್ತೀನಿ ಅನ್ರಿ ಅವ್ನಿಗೆ. ಮೊದ್ಲು ನಾನು ತಲೆ ಮ್ಯಾಲೆ ಕೈ ಇಡ್ತೀನಿ, ಆಮ್ಯಾಕೆ ನಿಮ್ ದೊಡ್ ಅಯ್ಯನೋರು ಇಡ್ಲಿ."

ಹಾಗೇ ಆಯಿತು. ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ, ನಿಲುವಂಗಿಯಲ್ಲಿದ್ದ ಮಗ ಬಗ್ಗಿದ, ಅವ್ವ ತಲೆಯ ಮೇಲೆ ಕೈಯಿಟ್ಟಳು. ಬಿಷಪ್ಪರು ಎರಡು ಹೆಜ್ಜೆ ಹಿಂದೆ ನಿಂತು ಕಾದರು.

ಈಗ ನಾನು ನಿವೃತ್ತಳಾಗಿ ನ್ಯಾಮತಿಯಲ್ಲಿದ್ದೇನೆ. ಇಲ್ಲಿನ ಅಯ್ಯನವರು ದಯಾಕರ. ಹಬ್ಬದ ಭಾನುವಾರಗಳಲ್ಲಿ ಓಬಮ್ಮ ಬರುತ್ತಾಳೆ, ಕಾಲು ತೊಳೆದು ಸಾಲಿನ ಕೊನೆಗೆ ಮೊಣಕಾಲೂರಿ ಅಂಗೈ ಚಾಚುತ್ತಾಳೆ. ಕೂಡಲೇ ನಾನು ಕಣ್ಣು ಮುಚ್ಚಿಬಿಡುತ್ತೇನೆ. ಅದು ಪ್ರಾರ್ಥನೆಯೋ, ಪುಕ್ಕಲುತನವೋ, ಇನ್ನೂ ಇತ್ಯರ್ಥವಾಗಿಲ್ಲ. ಎಲ್ಲಕ್ಕೂ ಉತ್ತರ ಗೊತ್ತಿರಬೇಕು ಎಂದು ಈ ಕೆಲಸಕ್ಕೆ ಸೇರಿದವಳು ನಾನು. ಗೊತ್ತಿಲ್ಲದ ಜಾಗದಲ್ಲಿ ಓಡಿಹೋಗದೆ ಮೊಣಕಾಲೂರಿ ಕೂತಿರಬೇಕು ಎಂದಷ್ಟೇ ಕೆಲಸ ಕಲಿಸಿತು.

ಕಣ್ಣು ಬಿಡುವಷ್ಟರಲ್ಲಿ ಓಬಮ್ಮ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಾ ಬಂದು ನನ್ನ ಪಕ್ಕದಲ್ಲಿ ಕೂತಿರುತ್ತಾಳೆ.