ಕಾಲು ಸೆಕೆಂಡು

ಅಕ್ಕನನ್ನು ಮಣ್ಣು ಮಾಡಿ ಚಿಕ್ಕೋಡಿಯ ನನ್ನ ಬಾಡಿಗೆ ಕೋಣೆಗೆ ಮರಳಿದ ಎರಡನೆಯ ದಿನ ಆಕೆಯ ಮಗಳು ಫೋನ್ ಮಾಡಿದಳು.

"ಮಾಮಾ, ನಿಮ್ಮ ದೊಡ್ಡ ಕ್ಯಾಮೆರಾದಾಗ ಅವ್ವಂದು ಫೋಟೋ ಐತೆಲ್ರಿ? ಫ್ರೇಮ್ ಹಾಕಸಬೇಕ್ರಿ. ಆಧಾರ ಕಾರ್ಡಿಂದು ನೋಡಿದ್ರ ಏನೋ ಕದ್ದು ಸಿಕ್ಕಬಿದ್ದಂಗ ಕಾಣತಾಳ್ರಿ."

ಇಬ್ಬರೂ ನಕ್ಕೆವು. "ಐತಿ, ಕಳಸ್ತೇನಿ" ಎಂದೆ.

ಕಳೆದ ವರ್ಷ ಕಬ್ಬೂರಿನಲ್ಲಿ, ಅಕ್ಕನ ನಡುಮನೆಯಲ್ಲಿ ತೆಗೆದದ್ದು. ಆಕೆ ಹಳೆ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುತ್ತಿದ್ದಳು. ಬೆಳಕು ತೀರ ಕಡಿಮೆ. ಬೆಳಕಿನ ಸೂಕ್ಷ್ಮತೆ ಹೆಚ್ಚಿಸುವ ಐಎಸ್‌ಒ ಮೂರು ಸಾವಿರಕ್ಕೆ ಏರಿಸಿದ್ದರೆ ಶಟರ್ ಕ್ಷಣಾರ್ಧದಲ್ಲಿ ಮುಚ್ಚುತ್ತಿತ್ತು. ಆದರೆ ಚಿತ್ರದ ತುಂಬ ಮರಳಿನಂಥ ಚುಕ್ಕಿ ಬರುತ್ತಿದ್ದವು, ಅವು ನನಗೆ ಸೇರವು. ಕ್ಯಾಮೆರಾ ಸ್ಟ್ಯಾಂಡಿಗೆ ಏರಿಸಿ ಐಎಸ್‌ಒ ಇನ್ನೂರಕ್ಕೇ ಬಿಟ್ಟೆ. ಶಟರ್ ಕಾಲು ಸೆಕೆಂಡು ತೆರೆದಿರಬೇಕಾಯಿತು; ಅಷ್ಟರಲ್ಲಿ ಅಲ್ಲಾಡಿದ್ದೆಲ್ಲ ಮಸುಕಾಗುತ್ತದೆ.

ನಾನು ಕಣ್ಣು ಹಚ್ಚಿದ್ದೇ ತಡ, ಅಕ್ಕ ಸೂಜಿ ಚುಚ್ಚಿಟ್ಟು, ಸೆರಗು ಸರಿಮಾಡಿಕೊಂಡು, ಉಸಿರು ಹಿಡಿದು ಕಂಬದಂತೆ ಕುಳಿತಳು. ನಮ್ಮ ಕಡೆ ಫೋಟೋಕ್ಕೆ ಎಲ್ಲರೂ ಕೂರುವುದೇ ಹಾಗೆ.

"ಹಂಗ ಬ್ಯಾಡ ಅಕ್ಕಾ. ಹೊಲಕೋತ ಇರು, ನನ್ನ ಕಡೆ ನೋಡಬ್ಯಾಡ."

"ಫೋಟೋದಾಗೂ ದುಡೀಲೇನಲೇ? ನೋಡಿದವ್ರು ಏನಂದಾರು, ಸತ್ತ ಮ್ಯಾಲೂ ಈಕಿಗೆ ಬಿಡುವಿಲ್ಲ ಅಂತಾರ."

ಆದರೂ ನನ್ನ ಮಾತು ಕೇಳಿದಳು. ಶಟರ್ ತೆರೆದಾಗ ತಲೆಯೆತ್ತಿ ನಕ್ಕಳೆಂದು ನನ್ನ ನೆನಪು.

ಫೋನಿಟ್ಟು ಚಿತ್ರ ತೆರೆದೆ. ಗೋಡೆಯ ಬಿರುಕು, ಟ್ರಂಕಿನ ಕೊಂಡಿ, ಕೌದಿಯ ಒಂದೊಂದು ಹೊಲಿಗೆಯೂ ಸ್ಪಷ್ಟ. ಮುಖವಿರಬೇಕಾದಲ್ಲಿ ಒರೆಸಿದಂಥ ಮಸುಕು ಕಲೆ. ನಕ್ಕಳೋ ಇಲ್ಲವೋ ಅದರಿಂದ ಹೇಳಲಾಗದು.

ನಾನು ಓದಿದ ವಿಶ್ವವಿದ್ಯಾಲಯ ಕಲಿಸಿದ್ದು ಸಾಕ್ಷಿ ಕೇಳುವುದನ್ನು. ಫೈಲುಗಳ ಸಂಖ್ಯೆ ನೋಡಿದೆ. ಅದಕ್ಕೆ ಮುಂಚೆ ತೆಗೆದ ಮನೆಬಾಗಿಲಿನ ಚಿತ್ರ ನಲವತ್ತೊಂದು, ಅಕ್ಕನದು ನಲವತ್ತಮೂರು. ನಡುವಿನದು ಇಲ್ಲ. ಆಕೆ ಉಸಿರು ಹಿಡಿದು ಕುಳಿತಾಗಲೇ ಒಮ್ಮೆ ಒತ್ತಿ, "ರೇಷನ್ ಕಾರ್ಡಿನ ಫೋಟೋದಂಗ ಆತು" ಎಂದು ಆಕೆಯೆದುರಿಗೇ ಅಳಿಸಿದೆನೇ? ಹಾಗೆಂದು ಈಗ ಅನಿಸುತ್ತದೆ. ಆದರೆ ಬಾಗಿಲಿನ ಚಿತ್ರವನ್ನೇ ಎರಡು ಸಲ ತೆಗೆದು ಒಂದನ್ನು ಅಳಿಸಿರಲೂಬಹುದು. ಅಕ್ಕ ಇದ್ದಿದ್ದರೆ ಕೇಳಬಹುದಿತ್ತು. ಆಕೆ ಬಿಟ್ಟರೆ ಅಂದು ಅಲ್ಲಿ ಇನ್ನಾರೂ ಇರಲಿಲ್ಲ. ಒಂದು ಮಾತ್ರ ಖಚಿತ: ಆ ಕಾಲು ಸೆಕೆಂಡಿಗೆ ಬೇಕಾಗಿದ್ದುದು ಆಕೆ ತಾನಾಗಿಯೇ ಕುಳಿತ ಆ ಭಂಗಿಯೇ. ಅದನ್ನು ಕೆಡಿಸಿದವನು ನಾನು.

ಚಿತ್ರ ಕಳಿಸಿದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು.

"ಮಾಮಾ, ಇದರಾಗ ಮಾರೀನ ಇಲ್ಲಲ್ರಿ. ಇನ್ನೊಂದು ಐತೇನ್ರಿ?"

ಇಲ್ಲವೆಂದು ಬರೆದೆ.

"ಅವ್ವ ಅಲ್ಲಾಡಿಬಿಟ್ಲೇನ್ರಿ?"

ಹೌದು ಎಂದು ಬರೆದು ಕಳಿಸಿದೆ.